ಸೋತ ಚಿತ್ರವನ್ನು ಗೆಲ್ಲಿಸಿದ ಪ್ರೇಕ್ಷಕರು

ಸಿನಿಮಾದ ಹಣೆಬರಹ ಮೊದಲ ವಾರದ ಗಲ್ಲಾಪೆಟ್ಟಿಗೆಯಲ್ಲೇ ತೀರ್ಮಾನವಾಗುತ್ತದೆ ಎಂಬ ನಂಬಿಕೆ ಚಿತ್ರೋದ್ಯಮದಲ್ಲಿ ಇಂದಿಗೂ ಗಟ್ಟಿಯಾಗಿದೆ. ಆ ನಂಬಿಕೆಗೆ ಮೂರು ದಶಕಗಳಿಂದ ಎದುರು ನಿಂತಿರುವ ಚಿತ್ರವೊಂದಿದೆ: ರಾಜ್‌ಕುಮಾರ್ ಸಂತೋಷಿ ನಿರ್ದೇಶನದ ‘ಅಂದಾಜ್ ಅಪ್ನಾ ಅಪ್ನಾ’. 1994ರ ನವೆಂಬರ್ 4ರಂದು, ದೀಪಾವಳಿಯ ಹೊತ್ತಿಗೆ ತೆರೆಕಂಡ ಈ ಹಿಂದಿ ಹಾಸ್ಯಚಿತ್ರ ಆಗ ಸೋತಿತು. 2025ರ ಏಪ್ರಿಲ್ 25ರಂದು ಅದೇ ಚಿತ್ರ ಹೊಸ ಹೊಳಪಿನೊಂದಿಗೆ ಮತ್ತೆ ಚಿತ್ರಮಂದಿರಕ್ಕೆ ಬಂತು. ಈ ಎರಡು ದಿನಾಂಕಗಳ ನಡುವೆ ಅದನ್ನು ಉಳಿಸಿಕೊಂಡವರು ಪ್ರೇಕ್ಷಕರು. ಅವರ ಪ್ರೀತಿ ಏನು ಸಾಧಿಸಿತು, ಏನು ಬಾಕಿ ಉಳಿಸಿತು ಎಂದು ಹಿಂತಿರುಗಿ ನೋಡಲು ಇದು ತಕ್ಕ ಸಮಯ.

ಸೋಲಿಗೆ ಕಾರಣ ಹುಡುಕುವುದು ಕಷ್ಟವಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಬಿಡುಗಡೆಯಾದ ‘ಹಮ್ ಆಪ್ಕೆ ಹೈ ಕೌನ್’ ದೇಶದ ಉದ್ದಗಲಕ್ಕೂ ಓಡುತ್ತಿತ್ತು. ಮದುವೆ ಮನೆಯ ಸಂಭ್ರಮ, ತ್ಯಾಗಮಯಿ ನಾಯಕ, ತುಂಬಿದ ಕುಟುಂಬ ಆಗಿನ ರುಚಿಯಾಗಿದ್ದವು. ಅದರಲ್ಲಿ ಆದರ್ಶ ತಮ್ಮನಾಗಿದ್ದ ಸಲ್ಮಾನ್ ಖಾನ್ ಇಲ್ಲಿ ಪೆದ್ದು ಮೋಸಗಾರ. ‘ಘಾಯಲ್’ (1990), ‘ದಾಮಿನಿ’ (1993) ಚಿತ್ರಗಳ ಸಂತೋಷಿಯಿಂದ ಜನ ನಿರೀಕ್ಷಿಸಿದ್ದು ಕೆಚ್ಚಿನ ನ್ಯಾಯದ ಕಥೆಯನ್ನು. ಆಮಿರ್ ಮತ್ತು ಸಲ್ಮಾನ್ ಇಬ್ಬರೂ ಒಂದೇ ಚಿತ್ರದಲ್ಲಿದ್ದರೂ ಅದಕ್ಕೆ ತಕ್ಕ ಪ್ರಚಾರದ ಅಬ್ಬರ ಇರಲಿಲ್ಲ.

ಕಥೆಯಲ್ಲಿ ಮೋಸ ಮಾಡದವರೇ ಅಪರೂಪ. ಕ್ಷೌರಿಕನ ಮಗ ಅಮರ್, ದರ್ಜಿಯ ಮಗ ಪ್ರೇಮ್ ಇಬ್ಬರಿಗೂ ಇರುವುದು ಒಂದೇ ಕನಸು: ವರಾನ್ವೇಷಣೆಗೆಂದು ಭಾರತಕ್ಕೆ ಬಂದಿರುವ ಶ್ರೀಮಂತ ಬಜಾಜನ ಮಗಳನ್ನು ಮದುವೆಯಾಗಿ ದಿಢೀರ್ ಲಕ್ಷಾಧೀಶರಾಗುವುದು. ಆಕೆಯೂ ಕಮ್ಮಿಯಿಲ್ಲ. ನಿಜವಾದ ಪ್ರೀತಿ ಸಿಗಲೆಂದು ತನ್ನ ಕಾರ್ಯದರ್ಶಿಯೊಂದಿಗೆ ಹೆಸರು ಅದಲು ಬದಲು ಮಾಡಿಕೊಂಡಿದ್ದಾಳೆ. ಅವಳ ಅಪ್ಪನ ಆಸ್ತಿಯ ಮೇಲೆ ಕಣ್ಣಿಟ್ಟ ತೇಜಾ ಅಪ್ಪನದೇ ಅವಳಿ ತಮ್ಮ. ಎರಡೂ ಪಾತ್ರಗಳಲ್ಲಿ ಪರೇಶ್ ರಾವಲ್ ಇದ್ದಾರೆ.

ಚಿತ್ರದ ಹಾಸ್ಯ ಎಷ್ಟು ಹದವಾಗಿ ಹೆಣೆದದ್ದು ಎಂಬುದಕ್ಕೆ ಒಂದು ಸನ್ನಿವೇಶ ಸಾಕು. ನೆನಪು ಕಳೆದುಕೊಂಡವನಂತೆ ನಟಿಸಿ ಅಮರ್ ಹುಡುಗಿಯ ಮನೆಯಲ್ಲಿ ಠಿಕಾಣಿ ಹೂಡುತ್ತಾನೆ. ಅವನಿಗೆ ಚಿಕಿತ್ಸೆ ಕೊಡುವ ಡಾಕ್ಟರಾಗಿ ಪ್ರೇಮ್ ಅಲ್ಲಿಗೇ ಬರುತ್ತಾನೆ. ರೋಗಿ ಸುಳ್ಳು, ವೈದ್ಯನೂ ಸುಳ್ಳು. ಒಬ್ಬನ ಬಣ್ಣ ಬಯಲು ಮಾಡಿದರೆ ಇನ್ನೊಬ್ಬನದೂ ಬಯಲಾಗುತ್ತದೆ. ಹಾಗಾಗಿ ಹೆಂಗಸರ ಮುಂದೆ ವಿನಯ, ಅವರು ಅತ್ತ ಹೋದೊಡನೆ ಹಲ್ಲು ಮಸೆತ. ಒಂದೇ ಬಟ್ಟಲಿನಲ್ಲಿ ಚಹಾ ಹಂಚಿಕೊಂಡರೆ ಸ್ನೇಹ ಹೆಚ್ಚುತ್ತದೆ ಎಂದು ಸಾರುವ ಈ ಗೆಳೆಯರು ಪರಸ್ಪರ ಟೋಪಿ ಹಾಕುವ ಒಂದು ಅವಕಾಶವನ್ನೂ ಬಿಡುವುದಿಲ್ಲ. ಇಲ್ಲಿ ಪ್ರೇಕ್ಷಕನಿಗೆ ಮಾತ್ರ ಎಲ್ಲ ಗುಟ್ಟೂ ಗೊತ್ತು, ಅವನನ್ನು ಚಿತ್ರ ತನ್ನ ಪಕ್ಷಕ್ಕೆ ಎಳೆದುಕೊಳ್ಳುತ್ತದೆ. ಬಡವರ ದುಡ್ಡು ಲಪಟಾಯಿಸುವ ಕ್ರೌರ್ಯ ಇಲ್ಲಿಲ್ಲ. ಇರುವುದು ತಮ್ಮ ಬುದ್ಧಿಯ ಬಗ್ಗೆ ತಮಗೇ ಅತಿ ನಂಬಿಕೆಯಿರುವ ಇಬ್ಬರು ಸೋಮಾರಿಗಳ ಹಗಲುಗನಸು. ಅದಕ್ಕೇ ಇವರ ಮೇಲೆ ನಮಗೆ ಸಿಟ್ಟು ಬರುವುದಿಲ್ಲ.

ಪ್ರೀತಿಗೆ ಇನ್ನೊಂದು ಕಾರಣವಿದೆ. ಈ ಚಿತ್ರ ತನಗಿಂತ ಹಿಂದಿನ ಸಿನಿಮಾಗಳನ್ನು ಎದೆಗೆ ಒತ್ತಿಕೊಂಡು ಬಂದಿದೆ. ‘ಶೋಲೆ’ಯ ಕಾಲಿಯಾ ಆಗಿದ್ದ ವಿಜು ಖೋಟೆ ಇಲ್ಲಿ ಎಡವಟ್ಟಿನ ಮೇಲೆ ಎಡವಟ್ಟು ಮಾಡುವ ರಾಬರ್ಟ್. ಸೂರ್ಮಾ ಭೋಪಾಲಿ ಜಗದೀಪ್ ಇಲ್ಲಿ ಪ್ರೇಮ್‌ನ ಅಪ್ಪ ಬಾಂಕೇಲಾಲ್ ಭೋಪಾಲಿ. ಭಲ್ಲಾನ ಪಾತ್ರದ ಶಹಜಾದ್ ಖಾನ್ ತಮ್ಮ ತಂದೆ, ಖ್ಯಾತ ಖಳನಟ ಅಜಿತ್ ಅವರ ಧಾಟಿಯಲ್ಲೇ ಮಾತಾಡುತ್ತಾರೆ. ಶಕ್ತಿ ಕಪೂರ್ ಅವರ ಕ್ರೈಮ್ ಮಾಸ್ಟರ್ ಗೋಗೋ ತಾನು ‘ಮಿಸ್ಟರ್ ಇಂಡಿಯಾ’ದ ಮೊಗ್ಯಾಂಬೋನ ಅಣ್ಣನ ಮಗನೆಂದು ಹೇಳಿಕೊಳ್ಳುತ್ತಾನೆ. ಮೆಹಮೂದ್ ನಡೆಸುವ ‘ವಾಹ್ ವಾಹ್ ಪ್ರೊಡಕ್ಷನ್ಸ್’ 1966ರ ‘ಪ್ಯಾರ್ ಕಿಯೇ ಜಾ’ದಿಂದ ನೇರವಾಗಿ ಬಂದದ್ದು. ಆ ಚಿತ್ರದ ಮೂಲ ತಮಿಳಿನ ‘ಕಾದಲಿಕ್ಕ ನೇರಮಿಲ್ಲೈ’ (1964). ಅದೇ ಕಥೆ 1979ರಲ್ಲಿ ‘ಪ್ರೀತಿ ಮಾಡು ತಮಾಷೆ ನೋಡು’ ಆಗಿ ನಮ್ಮನ್ನೂ ನಗಿಸಿತು. ಇಂಥ ನಗೆ ಮೊದಲ ನೋಟಕ್ಕೆ ಪೂರ್ತಿ ದಕ್ಕುವುದಿಲ್ಲ. ಮತ್ತೆ ಮತ್ತೆ ನೋಡಿದವರಿಗೆ ಒಂದೊಂದೇ ಪದರ ಬಿಚ್ಚಿಕೊಳ್ಳುತ್ತದೆ.

ಮತ್ತೆ ನೋಡುವ ಅವಕಾಶ ಕೊಟ್ಟದ್ದು ವಿಡಿಯೊ ಕ್ಯಾಸೆಟ್ಟು ಮತ್ತು ಕೇಬಲ್ ಟಿವಿ. ಚಿತ್ರಮಂದಿರಕ್ಕೆ ಹೋಗದಿದ್ದವರು ಮನೆಯಲ್ಲಿ ನೋಡಿದರು, ರಜೆಗೆ ಬಂದ ನೆಂಟರ ಮಕ್ಕಳಿಗೆ ತೋರಿಸಿದರು. ಹಾಸ್ಟೆಲ್ ಕೋಣೆಗಳಲ್ಲಿ ಸಂಭಾಷಣೆ ಬಾಯಿಪಾಠವಾಯಿತು. ಹಿಂದಿ ಮನೆಮಾತಲ್ಲದ ಬೆಂಗಳೂರು, ಹುಬ್ಬಳ್ಳಿಯ ಹುಡುಗರೂ ತೇಜಾನ ಮಾತನ್ನು ಅವನದೇ ಧಾಟಿಯಲ್ಲಿ ಆಡುವಂತಾದರು. ಮುಂದೆ ಆ ಮಾತುಗಳು ಅಂಗಿಗಳ ಮೇಲೆ ಅಚ್ಚಾದವು. 2024ರಲ್ಲಿ ದೆಹಲಿ ಹೈಕೋರ್ಟ್ ಚಿತ್ರದ ಹೆಸರು, ಪಾತ್ರಗಳು, ಸಂಭಾಷಣೆಗಳನ್ನು ಅನುಮತಿಯಿಲ್ಲದೆ ಬಳಸಿ ವ್ಯಾಪಾರ ಮಾಡುವುದಕ್ಕೆ ತಡೆ ನೀಡಿತು. ಬಿಡುಗಡೆಯಾದಾಗ ಯಾರಿಗೂ ಬೇಡವಾಗಿದ್ದ ಸರಕನ್ನು ಮೂವತ್ತು ವರ್ಷಗಳ ಬಳಿಕ ನ್ಯಾಯಾಲಯ ಕಾಯಬೇಕಾಯಿತು ಎಂದರೆ, ಅದರ ಬೆಲೆಯನ್ನು ಏರಿಸಿದ್ದು ಜನರೇ.

ಕಳೆದುಕೊಂಡದ್ದರ ಲೆಕ್ಕವೂ ಇದೆ. ಮೆಹಮೂದ್ 2004ರಲ್ಲಿ, ಅಮರ್‌ನ ಅಪ್ಪನಾಗಿದ್ದ ದೇವೆನ್ ವರ್ಮಾ 2014ರಲ್ಲಿ, ವಿಜು ಖೋಟೆ 2019ರಲ್ಲಿ, ಜಗದೀಪ್ 2020ರಲ್ಲಿ ನಿಧನರಾದರು. ಹಣ ಹೂಡಿದ ನಿರ್ಮಾಪಕ ವಿನಯ್ ಸಿನ್ಹಾ ಕೂಡ 2020ರಲ್ಲೇ ತೀರಿಕೊಂಡರು. ತಮ್ಮ ಚಿತ್ರ ದೊಡ್ಡ ಪರದೆಗೆ ಮರಳಿದ್ದನ್ನು ನೋಡುವ ಭಾಗ್ಯ ಅವರಿಗೆ ಸಿಗಲಿಲ್ಲ. ಜನರ ಪ್ರೀತಿ ಎಷ್ಟೇ ದೊಡ್ಡದಿದ್ದರೂ ತಡವಾಗಿ ತಲುಪಿದರೆ ಅದಕ್ಕೆ ಅರ್ಹರಾದವರೇ ಇರುವುದಿಲ್ಲ. ಈ ಮೂವತ್ತು ವರ್ಷಗಳು ಕಲಿಸಿದ ಅತಿ ಕಹಿಯಾದ ಪಾಠ ಇದು.

ಕನ್ನಡದ ಮಟ್ಟಿಗೆ ಈ ಪಾಠ ಇನ್ನೂ ಮುಖ್ಯ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ಅದು ನಮ್ಮೆಲ್ಲರ ಹೆಮ್ಮೆ. ಆದರೆ ಹಾಸ್ಯಚಿತ್ರಗಳನ್ನು ಪರಂಪರೆಯೆಂದು ಕಾಣುವ ಕಣ್ಣು ನಮ್ಮಲ್ಲಿ ಇನ್ನೂ ತೆರೆದಿಲ್ಲ. ಹಳ್ಳಿಯವರ ಮುಗ್ಧ ಆಸೆಗಳನ್ನೇ ಬಂಡವಾಳ ಮಾಡಿಕೊಳ್ಳುವ ವಂಚಕನಾಗಿ ಅನಂತ್ ನಾಗ್ ನಟಿಸಿದ, ನಾಗತಿಹಳ್ಳಿ ಚಂದ್ರಶೇಖರ್ ಅವರ ಮೊದಲ ನಿರ್ದೇಶನದ ‘ಉಂಡೂ ಹೋದ ಕೊಂಡೂ ಹೋದ’ (1992) ಎಷ್ಟು ಜನ ಯುವಕರಿಗೆ ಗೊತ್ತು? ನೋಡಿದವರು ಅದನ್ನು ಮರೆತಿಲ್ಲ, ನೋಡದವರಿಗೆ ಅದನ್ನು ತೋರಿಸುವ ಕೆಲಸ ಆಗಿಲ್ಲ. ಅಳಿಸುವ ಚಿತ್ರಕ್ಕೆ ಸಲ್ಲುವ ಗೌರವ ನಗಿಸುವ ಚಿತ್ರಕ್ಕೆ ಸಲ್ಲದಿರುವುದು ಅನ್ಯಾಯ. ಮೋಸಗಾರನ ಕಥೆ ಹೇಳಿ ನಗಿಸುವ ನಿರ್ದೇಶಕ ನಮ್ಮ ದುರಾಸೆಯನ್ನು ನಮಗೇ ತೋರಿಸುತ್ತಾನೆ. ಅದು ಹಗುರ ಕೆಲಸವಲ್ಲ.

ಆಗಬೇಕಾದದ್ದು ಸ್ಪಷ್ಟ. ಹಳೆಯ ಹಾಸ್ಯಚಿತ್ರಗಳ ಹಕ್ಕು ಹೊಂದಿರುವವರು ನೆಗೆಟಿವ್ ಕೊಳೆಯುವ ಮುನ್ನ ಅವನ್ನು ಡಿಜಿಟಲ್ ರೂಪಕ್ಕೆ ತರಬೇಕು. ಚಲನಚಿತ್ರ ಅಕಾಡೆಮಿ ತನ್ನ ಪ್ರದರ್ಶನಗಳಲ್ಲಿ ನಗೆಗೂ ಜಾಗ ಕೊಡಬೇಕು. ಸ್ಟಾರ್ ನಟರ ಹಿಟ್ ಚಿತ್ರಗಳನ್ನು ಮರುಬಿಡುಗಡೆ ಮಾಡುವ ಚಿತ್ರಮಂದಿರಗಳು ವಾರಕ್ಕೊಂದು ಆಟವನ್ನಾದರೂ ಸೋತು ಉಳಿದ ಚಿತ್ರಗಳಿಗೆ ಮೀಸಲಿಡಲಿ. ಪ್ರೇಕ್ಷಕರು ತಮಗೆ ಬೇಕಾದ ಚಿತ್ರವನ್ನು ಹೆಸರು ಹಿಡಿದು ಕೇಳಬೇಕು, ಬಂದಾಗ ಟಿಕೆಟ್ ಕೊಂಡು ನೋಡಬೇಕು. ‘ಅಂದಾಜ್ ಅಪ್ನಾ ಅಪ್ನಾ’ಕ್ಕೆ ಬದುಕು ಕೊಟ್ಟ ಅಭಿಮಾನ ನಮ್ಮಲ್ಲೂ ಇದೆ. ಅದನ್ನು ಕಲಾವಿದರು, ತಂತ್ರಜ್ಞರು ಬದುಕಿರುವಾಗಲೇ ಅವರಿಗೆ ತಲುಪಿಸೋಣ.