ಟಾನಿಕ್ಕಿಗೆ ಬಗ್ಗದ ಸುಸ್ತು

ಹಸಿರಿನ ಮಡಿಲಲ್ಲಿರುವ ಮಲೆನಾಡಿನ ಹೆಂಗಸಿಗೆ ಮನೋವ್ಯಾಧಿ ಎಲ್ಲಿಯದು ಎಂಬ ಮಾತು ಪ್ರವಾಸಿಗರ ಬಾಯಲ್ಲಿ ಮಾತ್ರವಲ್ಲ, ಪರಿಸರ ಸಭೆಗಳ ವೇದಿಕೆಯ ಮೇಲೂ ಕೇಳಿಬರುತ್ತದೆ. ಇದು ಸುಳ್ಳು, ಜೊತೆಗೆ ಅಪಾಯಕಾರಿ.

ಹಳ್ಳಿಯ ಹೆಂಗಸು ವೈದ್ಯರೆದುರು ಮನಸ್ಸಿನ ಮಾತೆತ್ತುವುದಿಲ್ಲ. ಸೊಂಟನೋವು, ತಲೆಸುತ್ತು, ಸುಸ್ತು, ಬಿಳಿಸೆರಗು ಎನ್ನುತ್ತಾಳೆ. ಟಾನಿಕ್ಕಿನ ಬಾಟಲಿ ಹಿಡಿದು ಮರಳುತ್ತಾಳೆ. ಇದೇ ಘಟ್ಟಸಾಲಿನ ಗೋವೆಯಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರ ಅಧ್ಯಯನಗಳು ಬಿಳಿಸೆರಗಿನ ದೂರಿಗೂ ಖಿನ್ನತೆಗೂ ಇರುವ ನಂಟನ್ನು ತೋರಿಸಿ ವರ್ಷಗಳೇ ಸಂದಿವೆ. ಅವರೇ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆರಿಗೆಯಾದ ಆರೆಂಟು ವಾರಗಳಲ್ಲಿ ಶೇ. 23ರಷ್ಟು ಬಾಣಂತಿಯರಲ್ಲಿ ಖಿನ್ನತೆ ಕಂಡುಬಂದಿತ್ತು. ಬಡತನ ಮತ್ತು ಗಂಡನೊಡನೆ ವಿರಸ ಅದರ ಮುಖ್ಯ ಕಾರಣಗಳು. ಹುಟ್ಟಿದ್ದು ಹೆಣ್ಣಾದರೆ ಹಸಿವಿನ, ಹೊಡೆತದ ಪೆಟ್ಟು ಇನ್ನೂ ಆಳ. ಇವಕ್ಕೆ ಯಾವ ಟಾನಿಕ್ಕಿದೆ?

ಮಲೆನಾಡು ಇದಕ್ಕೆ ತನ್ನ ಪಾಲನ್ನೂ ಸೇರಿಸಿದೆ. ಕೂಗಿದರೆ ಕೇಳದಷ್ಟು ದೂರದ ಒಂಟಿಮನೆ, ಬಿಡದ ಮಳೆ, ಎಲೆಚುಕ್ಕಿ ರೋಗಕ್ಕೆ ಸೋತ ತೋಟ, ಸಂಜೆಯಾದರೆ ಕುಡಿದು ಬರುವ ಗಂಡ, ತಪ್ಪಿಸಲಾಗದ ಸಾಲದ ಕಂತು. ಹಳ್ಳ ಬತ್ತಿದರೆ ಚಳವಳಿಗಾರರು ನೀರನ್ನು ಅಳೆಯುತ್ತಾರೆ. ಕೊಡ ಹೊತ್ತು ಇನ್ನಷ್ಟು ದೂರ ನಡೆಯುವವಳ ಹೆಜ್ಜೆಗಳನ್ನು ಅಳೆದವರುಂಟೇ?

ಸರ್ಕಾರದ ಲೆಕ್ಕವೂ ಹೀಗೆಯೇ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರಕಾರ 2021ರಲ್ಲಿ ಆತ್ಮಹತ್ಯೆಗೆ ಬಲಿಯಾದ 45,026 ಮಹಿಳೆಯರಲ್ಲಿ 23,179 ಮಂದಿ ‘ಗೃಹಿಣಿಯರು’. ನಾಟಿ ಮಾಡುವ, ಸೊಪ್ಪು ಹೊರುವ, ರಾತ್ರಿಯಿಡೀ ಅಡಿಕೆ ಸುಲಿಯುವ ಹೆಣ್ಣೂ ಪಹಣಿಯಲ್ಲಿ ಹೆಸರಿಲ್ಲದ ಕಾರಣ ಇದೇ ಕಲಮಿಗೆ ಸೇರಿಹೋಗುತ್ತಾಳೆ. ರೈತಳೆಂದು ಬದುಕಲಿಲ್ಲ, ಸತ್ತ ಮೇಲೂ ಅಲ್ಲ.

ಖಿನ್ನತೆ ಗುಣವಾಗುವ ಕಾಯಿಲೆ. ಆದರೂ ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಖಿನ್ನತೆ, ಆತಂಕಗಳಂಥ ಸಾಮಾನ್ಯ ಮನೋವ್ಯಾಧಿಗಳಿಂದ ಬಳಲುವವರಲ್ಲಿ ಶೇ. 85ರಷ್ಟು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಕರ್ನಾಟಕದಲ್ಲಿ 2014ರಲ್ಲಿ ಆರಂಭವಾದ ಮನೋಚೈತನ್ಯ ಯೋಜನೆ ಮಂಗಳವಾರದ ಮನೋವೈದ್ಯಕೀಯ ಸೇವೆಯನ್ನು ತಾಲ್ಲೂಕು ಆಸ್ಪತ್ರೆಯವರೆಗೆ ತಂದಿತು; ಅದು ಒಳ್ಳೆಯ ಕೆಲಸವೇ. ಆದರೆ ಅಲ್ಲಿಗೆ ತಲುಪುವುದು ಹೇಗೆ? 2023ರ ಶಕ್ತಿ ಯೋಜನೆಯ ಉಚಿತ ಟಿಕೆಟ್ಟು ಸರ್ಕಾರಿ ಬಸ್ಸೇ ಬಾರದ ಊರಿನಲ್ಲಿ ಬರಿಯ ಕಾಗದ. 2022ರಲ್ಲಿ ಬಂದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತ. ಅದಕ್ಕೆ ಕರೆ ಮಾಡಲು ಗುಡ್ಡ ಹತ್ತಿ ಸಿಗ್ನಲ್ ಹುಡುಕಬೇಕು, ಕೈಗೆ ಗಂಡನ ಫೋನೂ ಸಿಗಬೇಕು.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ವಾರಕ್ಕೊಂದು ದಿನ ಆಪ್ತಸಲಹೆ, ಅಲ್ಲಿಯೇ ಔಷಧಿ, ಪಹಣಿಯಲ್ಲಿ ಹೆಂಡತಿಯ ಹೆಸರು: ಚಳವಳಿಯ ಮನವಿಪತ್ರಗಳಲ್ಲಿ ‘ಬೇಡ’ಗಳ ಪಟ್ಟಿ ಉದ್ದವಿದೆ, ಈ ‘ಬೇಕು’ಗಳಲ್ಲಿ ಒಂದೂ ಇಲ್ಲ.