ಒಂದು ಸರೋವರ, ಎರಡು ಹೂವು

ಈ ಸಂಚಿಕೆಗಾಗಿ ಮಳೆಗಾಲದ ಕವಿತೆ ಕಳಿಸಿ ಎಂದು ಕೇಳಿಕೊಂಡಿದ್ದೆವು. ಬಂದದ್ದನ್ನೆಲ್ಲ ಒಂದೇ ಪಟ್ಟಿಗೆ ಕೂತು ಓದಿದಾಗ ಮನಸ್ಸಿಗೆ ಏನೋ ಚುಚ್ಚಿತು. ಮಳೆ ಚೆಂದ, ಮಣ್ಣಿನ ವಾಸನೆ ಚೆಂದ, ತುಂಬಿದ ಹೊಳೆ ಚೆಂದ. ಹೊಳೆಗೆ ಹೆದರಿದ ಒಂದು ಕವಿತೆಯೂ ಇರಲಿಲ್ಲ. ಹೊಳೆದಂಡೆಯ ಊರಿನವರು ಬರೆದದ್ದರಲ್ಲೂ ಇರಲಿಲ್ಲ.

ಈ ರೂಢಿ ಎಲ್ಲಿಂದ ಬಂತು ಎಂದು ಯೋಚಿಸುತ್ತ ಕೂತವನಿಗೆ ನೆನಪಾದದ್ದು ಕಾಲೇಜಿನಲ್ಲಿ ಓದಿದ ವರ್ಡ್ಸ್‌ವರ್ತ್‌ನ ಡ್ಯಾಫೊಡಿಲ್ ಕವಿತೆ. ಆ ಹೂವನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಸೇವಂತಿಗೆ ತೋಟ ಅಂದುಕೊಳ್ಳಿ ಎಂದರು ಮೇಷ್ಟ್ರು. ಅಂದುಕೊಂಡೆವು. ರೊಮ್ಯಾಂಟಿಕ್ ಕವಿ ಎಂದರೆ ಹೂ ಕಂಡು ಹಿಗ್ಗುವವನು ಎಂಬುದು ಅಂದಿಗೇ ತಲೆಯಲ್ಲಿ ಗಟ್ಟಿಯಾಯಿತು.

ಆ ಹೂಗಳು ಅರಳಿದ್ದು ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ, ಅಲ್ಸ್‌ವಾಟರ್ ಎಂಬ ಸರೋವರದ ದಡದಲ್ಲಿ. 1802ರ ಏಪ್ರಿಲ್ 15ರಂದು ವರ್ಡ್ಸ್‌ವರ್ತ್ ಅವನ್ನು ನೋಡಿದಾಗ ಜೊತೆಗೆ ತಂಗಿ ಡೊರೊಥಿ ಇದ್ದಳು. ಅವಳ ದಿನಚರಿಯಲ್ಲಿ ಆ ದಿನದ ಹವೆ ಇದೆ: ಮಂಜು ಕವಿದ ಬೆಳಗು, ಹಿಂದಕ್ಕೆ ಹೋಗಿಬಿಡೋಣವೇ ಎನ್ನಿಸುವಷ್ಟು ಬಿರುಸಿನ ಗಾಳಿ. ಅಣ್ಣತಂಗಿ ಮೊದಲು ದೋಣಿಮನೆಯಲ್ಲಿ, ಆಮೇಲೆ ಒಂದು ಮುಳ್ಳುಪೊದೆಯ ಮರೆಯಲ್ಲಿ ಕೂತು ಸುಧಾರಿಸಿಕೊಂಡಿದ್ದರು. ಎರಡು ವರ್ಷದ ಮೇಲೆ ಬರೆದ ಕವಿತೆಯಲ್ಲಿ ಬಿರುಗಾಳಿ ತಂಗಾಳಿಯಾಗಿದೆ, ತಂಗಿ ಇಲ್ಲ, ಕವಿ ಒಬ್ಬನೇ. ಕವಿಗೆ ಆ ಹಕ್ಕಿದೆ. ಆದರೆ ಅದೇ ನೀರಿನ ಬೇರೆ ಕತೆಗಳನ್ನೂ ಅವನು ಬರೆದಿದ್ದಾನೆ. ಅವು ನಮ್ಮ ಪಠ್ಯಕ್ಕೆ ಬರಲಿಲ್ಲ.

ಒಂದು, ದೋಣಿ ಕದ್ದ ಕತೆ. 'ದಿ ಪ್ರಿಲ್ಯೂಡ್' ಕಾವ್ಯದಲ್ಲಿ ಬರುತ್ತದೆ. ಎಂಟು ತುಂಬುವ ಮೊದಲೇ ತಾಯಿಯನ್ನು ಕಳಕೊಂಡಿದ್ದ ಹುಡುಗ ಒಂದು ಬೇಸಿಗೆಯ ಸಂಜೆ ಅಲ್ಸ್‌ವಾಟರ್ ದಡದಲ್ಲಿ ಯಾರದೋ ದೋಣಿಯ ಸರಪಳಿ ಬಿಚ್ಚಿ ಹೊರಟ. ಹುಟ್ಟು ಹಾಕುವವನ ಮುಖ ಹಿಂದಿನ ದಡಕ್ಕೇ ತಿರುಗಿರುತ್ತದೆ. ನೇರವಾಗಿ ಸಾಗಲೆಂದು ಅವನು ದಡದ ಮೇಲಿನ ಗುಡ್ಡದ ಏಣೊಂದನ್ನು ಗುರುತಿಟ್ಟುಕೊಂಡ. ದಡಕ್ಕೆ ಹತ್ತಿರವಿದ್ದಾಗ ಆ ಏಣು ಹಿಂದಿನದನ್ನೆಲ್ಲ ಮರೆಮಾಡಿತ್ತು. ದೋಣಿ ದೂರ ಸರಿದಂತೆ ಅದರ ಹಿಂದಿದ್ದ ಎತ್ತರದ ಕರಿಯ ಶಿಖರ ತಲೆಯೆತ್ತಿತು. ಹೆದರಿ ಇನ್ನೂ ಜೋರಾಗಿ ಹುಟ್ಟು ಹಾಕಿದ. ಅದು ಇನ್ನೂ ಮೇಲೆದ್ದಿತು. ಎಷ್ಟು ಓಡಿದರೆ ಅಷ್ಟು ಬೆಳೆಯುವ ಬೆಟ್ಟ! ಲೆಕ್ಕ ಬಲ್ಲವರಿಗೆ ಇದು ಕಣ್ಣಿನ ಕೋನದ ಆಟ, ಅಷ್ಟೆ. ಆದರೆ ಕದ್ದ ದೋಣಿಯಲ್ಲಿ ಒಬ್ಬಂಟಿಯಾಗಿರುವ ಹುಡುಗನಿಗೆ ಅದು ಬೆನ್ನಟ್ಟಿ ಬರುವ ಜೀವ. ನಡುಗುತ್ತ ದೋಣಿಯನ್ನು ಇದ್ದಲ್ಲೇ ಕಟ್ಟಿ ಮನೆಗೆ ಹೋದ. ಎಷ್ಟೋ ದಿನ ಅವನ ತಲೆಯೊಳಗೆ ಮರ, ಆಕಾಶ, ಹೊಲದ ಹಸಿರು ಯಾವುದೂ ಉಳಿಯಲಿಲ್ಲ.

ಭರತನ ಲೆಕ್ಕದಲ್ಲಿ ಭಯಾನಕ ಬೇರೆ ರಸ, ಅದ್ಭುತ ಬೇರೆ ರಸ. ಈ ಹುಡುಗನ ಎದೆಯಲ್ಲಿ ಎರಡೂ ಒಂದೇ ಬಡಿತವಾಗಿವೆ. ಎಡ್ಮಂಡ್ ಬರ್ಕ್ 1757ರಲ್ಲೇ ಸಬ್ಲೈಮ್ ಎಂಬುದರ ಬೇರು ಭಯದಲ್ಲಿದೆ ಎಂದು ಬರೆದಿದ್ದ. ಆ ಮಾತಿಗೆ ನಾವು 'ಭವ್ಯ' ಎಂದು ಹೆಸರಿಟ್ಟೆವು. ಭವ್ಯ ಮೆರವಣಿಗೆ, ಭವ್ಯ ಸ್ವಾಗತ ಎಂದು ಫ್ಲೆಕ್ಸ್‌ಗಳಲ್ಲಿ ತೇಯ್ದು ತೇಯ್ದು ಆ ಶಬ್ದದೊಳಗೆ ಈಗ ಹೆದರಿಕೆಯ ಎಳೆಯೂ ಉಳಿದಿಲ್ಲ. ಇದು ನನಗೆ ನಿಜವಾಗಿ ನೋವಿನ ಸಂಗತಿ. ಬಿಎಂಶ್ರೀಯವರ 'ಇಂಗ್ಲಿಷ್ ಗೀತಗಳು' 1926ರಲ್ಲಿ ತೆರೆದ ದಾರಿಯಲ್ಲಿ ಬಂದ ಹಿರಿಯರು ಆ ಹೆದರಿಕೆಯನ್ನು ಮರೆತವರಲ್ಲ. 'ಮಲೆಗಳಲ್ಲಿ ಮದುಮಗಳು' ಓದಿದವರಿಗೆ ಅಲ್ಲಿನ ಮಳೆ, ಕತ್ತಲೆ, ಕಾಡು ಮನುಷ್ಯನನ್ನು ಹೇಗೆ ಹಿಡಿದಾಡಿಸುತ್ತವೆ ಎಂಬುದು ಗೊತ್ತು. ಮರೆತದ್ದು ಆಮೇಲಿನ ನಾವು.

ಆದರೂ ದೋಣಿಯ ಕತೆಯಲ್ಲಿ ಒಂದು ಸಮಾಧಾನವಿದೆ. ಬೆಟ್ಟ ಹೆದರಿಸಿದ್ದು ಹುಡುಗನನ್ನು ತಿದ್ದಲಿಕ್ಕೆ. ಪ್ರಕೃತಿ ದಂಡಿಸಿದರೂ ತಾಯಿಯಂತೆ ದಂಡಿಸುತ್ತದೆ, ನಂಬಿದವರ ಕೈಬಿಡುವುದಿಲ್ಲ ಎಂಬುದು ಆಗಿನ ವರ್ಡ್ಸ್‌ವರ್ತ್‌ನ ನಂಬಿಕೆ. ಇನ್ನೊಬ್ಬ ರೊಮ್ಯಾಂಟಿಕ್ ಕವಿ ಶೆಲ್ಲಿಗೆ ಅಂಥ ಆಸರೆ ಇರಲಿಲ್ಲ. 1816ರ ಜುಲೈಯಲ್ಲಿ ಆಲ್ಪ್ಸ್‌ನ ಶಾಮೊನಿ ಕಣಿವೆಯಲ್ಲಿ ನಿಂತು ಮಾಂಟ್ ಬ್ಲಾಂಕ್ ನೋಡಿದ ಅವನಿಗೆ ಆ ಹಿಮಕ್ಕೆ ಮನುಷ್ಯನ ಪರಿವೆಯೇ ಇಲ್ಲ ಎಂಬುದು ಇಪ್ಪತ್ತಮೂರರ ವಯಸ್ಸಿಗೇ ಹೊಳೆದಿತ್ತು. ವರ್ಡ್ಸ್‌ವರ್ತ್‌ಗೆ ಅದು ಗೊತ್ತಾಗಲು ಮನೆಯಲ್ಲೊಂದು ಸಾವಾಗಬೇಕಾಯಿತು.

ತಮ್ಮ ಜಾನ್ ಈಸ್ಟ್ ಇಂಡಿಯಾ ಕಂಪನಿಯ ಹಡಗಿನ ಕಪ್ತಾನ. ದುಡ್ಡು ಮಾಡಿಕೊಂಡು ಬಂದು ಅಣ್ಣ ಚಿಂತೆಯಿಲ್ಲದೆ ಬರೆಯುವಂತೆ ನೋಡಿಕೊಳ್ಳಬೇಕೆಂಬುದು ಅವನಾಸೆ. ಅಣ್ಣತಂಗಿಯ ಹಣವೂ ಅವನ ವ್ಯಾಪಾರದಲ್ಲಿತ್ತು. 1800ರ ಸೆಪ್ಟೆಂಬರ್ ಕೊನೆಯಲ್ಲಿ ಗ್ರಾಸ್ಮಿಯರ್‌ನ ಮನೆಯಿಂದ ಹೊರಟ ಅವನನ್ನು ಇಬ್ಬರೂ ಬೆಟ್ಟದ ಮೇಲಿನ ಗ್ರೈಸ್‌ಡೇಲ್ ಕೊಳದವರೆಗೆ ನಡೆದು ಬೀಳ್ಕೊಟ್ಟರು. ಅಲ್ಲಿಂದ ಕಾಲುದಾರಿ ಅಲ್ಸ್‌ವಾಟರ್ ಕಡೆಗೇ ಇಳಿಯುತ್ತದೆ.

1805ರ ಫೆಬ್ರವರಿ 5. ಬಂಗಾಳಕ್ಕೂ ಚೀನಾಕ್ಕೂ ಹೊರಟಿದ್ದ ಜಾನ್‌ನ 'ಅರ್ಲ್ ಆಫ್ ಅಬರ್ಗವೆನಿ' ಹಡಗು ಪೋರ್ಟ್‌ಲ್ಯಾಂಡ್ ಬಳಿ ಶಾಂಬಲ್ಸ್ ಎಂಬ ದಿಬ್ಬಕ್ಕೆ ಬಡಿಯಿತು. ಹೇಗೋ ಬಿಡಿಸಿಕೊಂಡು ವೇಮತ್ ದಡದ ಕಡೆ ತಿರುಗಿತು. ದಡ ಸೇರಲಿಲ್ಲ. ರಾತ್ರಿ ಹನ್ನೊಂದರ ಹೊತ್ತಿಗೆ ಮುಳುಗಿತು. ನೀರು ಅಷ್ಟೇನೂ ಆಳವಿರಲಿಲ್ಲ, ಕೂವೆಮರದ ತುದಿ ಅಲೆಗಳ ಮೇಲೆ ಉಳಿದಿತ್ತು. ಅದರ ಹಗ್ಗಗಳಿಗೆ ಜೋತುಬಿದ್ದವರಲ್ಲಿ ಕೆಲವರು ಬದುಕಿದರು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಮೂವತ್ತೆರಡರ ಜಾನ್ ಕೂಡ ಒಬ್ಬ.

ಈ ಸಾವಿನಲ್ಲಿ ತಿದ್ದುವಂಥದ್ದು ಏನಿತ್ತು? ವರ್ಡ್ಸ್‌ವರ್ತ್ ಆ ಪ್ರಶ್ನೆಯನ್ನು ಬದಿಗೊತ್ತಲಿಲ್ಲ. ಹಿಂದೊಮ್ಮೆ, 1794ರ ಬೇಸಿಗೆಯಲ್ಲಿ, ಅವನು ಕಡಲತಡಿಯ ಪೀಲ್ ಕೋಟೆಯ ಎದುರು ಕೆಲವು ವಾರ ಇದ್ದ. ಆಗ ಸಮುದ್ರ ಕನ್ನಡಿಯಂತಿತ್ತು. 1806ರಲ್ಲಿ ಗೆಳೆಯ ಜಾರ್ಜ್ ಬೋಮಾಂಟ್ ಬರೆದ ಅದೇ ಕೋಟೆಯ ಚಿತ್ರ ಕಂಡ: ಬಿರುಗಾಳಿ, ಕಪ್ಪು ಅಲೆ, ಒದ್ದಾಡುವ ಹಡಗು. ಆ ಚಿತ್ರದ ಮೇಲೆ ಬರೆದ ಕವಿತೆಯಲ್ಲಿ ತನ್ನ ಹಳೆಯ ಶಾಂತ ಸಮುದ್ರ ಭ್ರಮೆಯಾಗಿತ್ತೆಂದು ಒಪ್ಪಿ, ಗೆಳೆಯ ಬರೆದದ್ದೇ ದಿಟವೆಂದು ತಲೆಬಾಗುತ್ತಾನೆ. ಹೆಸರು ತಂದುಕೊಟ್ಟ ನಂಬಿಕೆಯನ್ನು ಹೀಗೆ ಬಹಿರಂಗವಾಗಿ ತಿದ್ದಿಕೊಳ್ಳುವುದು ಸಣ್ಣ ಮಾತಲ್ಲ. ನನ್ನ ಮಟ್ಟಿಗೆ ಅವನ ಎಲ್ಲ ಹೂಗಳಿಗಿಂತ ಈ ಕವಿತೆ ದೊಡ್ಡದು. ಡ್ಯಾಫೊಡಿಲ್ ಕವಿತೆಯೂ ಇದೂ ಅಚ್ಚಾದದ್ದು ಒಂದೇ ಸಂಗ್ರಹದಲ್ಲಿ, 1807ರಲ್ಲಿ. ನಮ್ಮ ಮೇಷ್ಟ್ರ ಕೈಯಲ್ಲಿ ಆ ಸಂಗ್ರಹವಿಡೀ ಇದ್ದಿದ್ದರೆ ಎಂದು ಈಗಲೂ ಅನ್ನಿಸುತ್ತದೆ.

ತಮ್ಮ ಸತ್ತ ವರ್ಷದ ಜೂನ್‌ನಲ್ಲಿ ವರ್ಡ್ಸ್‌ವರ್ತ್ ಗ್ರೈಸ್‌ಡೇಲ್ ಕೊಳಕ್ಕೆ ಹೋದ. ಬೀಳ್ಕೊಟ್ಟ ಜಾಗದ ಹತ್ತಿರ ಒಂದು ಗಿಡ ಕಣ್ಣಿಗೆ ಬಿತ್ತು. ಮಾಸ್ ಕ್ಯಾಂಪಿಯನ್ ಎನ್ನುತ್ತಾರೆ. ಪಾಚಿಯ ಮೆತ್ತೆಯಂತೆ ನೆಲಕ್ಕೆ ಅಂಟಿಕೊಂಡು ಬೆಳೆಯುವಂಥದು, ತುಂಬ ಪುಟ್ಟ ನೇರಳೆ ಹೂಗಳು. ಗಾಳಿಗೆ ಅದು ಕುಣಿಯುವುದಿಲ್ಲ, ನೆಲ ಬಿಡುವುದಿಲ್ಲ. ಆ ಹೂವಿನ ಮೇಲೂ ತಮ್ಮನ ಮೇಲೂ ಅವನೊಂದು ಕವಿತೆ ಬರೆದ. ಅಚ್ಚಿಗೆ ಕೊಟ್ಟದ್ದು 1842ರಲ್ಲಿ. ಮೂವತ್ತಕ್ಕೂ ಹೆಚ್ಚು ವರ್ಷ ಅದನ್ನು ತನ್ನ ಬಳಿಯೇ ಇಟ್ಟುಕೊಂಡಿದ್ದ.