ಸಹಿ ಹಾಕಿದ ಮಾತ್ರಕ್ಕೆ ಶಾಂತಿ ಬರಲ್ಲ

(1/5)
1870ರಲ್ಲಿ ಸ್ಟ್ರಾಸ್‌ಬರ್ಗ್ ಅನ್ನೋ ಊರಲ್ಲಿ ಒಂದು ಮಗು ಹುಟ್ಟಿತು ಅಂದ್ಕೊಳ್ಳಿ. ಆಗ ಅದು ಫ್ರಾನ್ಸ್. ಮರುವರ್ಷ ಜರ್ಮನಿ. 1918ರಲ್ಲಿ ಮತ್ತೆ ಫ್ರಾನ್ಸ್. 1940ರಲ್ಲಿ ಹಿಟ್ಲರನ ಜರ್ಮನಿ. 1944ರ ಕೊನೆಗೆ ಮತ್ತೆ ಫ್ರಾನ್ಸ್. ಮನೆ ಬಿಟ್ಟು ಎಲ್ಲೂ ಹೋಗದೆ, ಒಂದೇ ಜನ್ಮದಲ್ಲಿ ನಾಲ್ಕು ಸಲ ದೇಶ ಬದಲು!

ಫ್ರಾನ್ಸ್ ಮತ್ತು ಜರ್ಮನಿ 70 ವರ್ಷದಲ್ಲಿ ಮೂರು ಸಲ ಹೊಡೆದಾಡಿದವು: 1870, 1914, 1939. ‘ತಲೆಮಾರಿನ ವೈರಿ’ ಅನ್ನೋದಕ್ಕೆ ಜರ್ಮನ್ ಭಾಷೇಲಿ ಒಂದು ಪದಾನೇ ಇತ್ತು.

ಇವತ್ತು ಅದೇ ಸ್ಟ್ರಾಸ್‌ಬರ್ಗ್‌ನಲ್ಲಿ ಟ್ರಾಮ್ ಹತ್ತಿದ್ರೆ, ರೈನ್ ನದಿ ದಾಟಿ ಜರ್ಮನಿಯ ಕೇಲ್ ಊರಲ್ಲಿ ಇಳೀಬಹುದು. 2017ರಿಂದ ಓಡ್ತಿದೆ. ಇದು ಹೇಗೆ ಸಾಧ್ಯ ಆಯ್ತು? ಮುಂದೆ ಓದಿ 👇

(2/5)
‘ಒಪ್ಪಂದ ಮಾಡ್ಕೊಂಡಿರ್ತಾರೆ ಬಿಡಿ’ ಅಂತೀರಾ? ಒಪ್ಪಂದ 1919ರಲ್ಲೂ ಆಗಿತ್ತು, ವರ್ಸೇಲ್ಸ್‌ನಲ್ಲಿ. ಸೋತ ಜರ್ಮನಿಗೆ ಭಾರಿ ದಂಡ ಹಾಕಿದ್ರು. ದಂಡದ ಲೆಕ್ಕದ ಕಲ್ಲಿದ್ದಲು, ಮರ ಸರಿಯಾಗಿ ಬರ್ಲಿಲ್ಲ ಅಂತ 1923ರಲ್ಲಿ ಫ್ರಾನ್ಸ್ ಮತ್ತು ಬೆಲ್ಜಿಯಂ ಸೈನ್ಯಗಳು ರೂರ್ ಗಣಿ ಪ್ರದೇಶಕ್ಕೆ ನುಗ್ಗಿದವು. ಜನರ ಆ ಅವಮಾನವನ್ನೇ ಹಿಟ್ಲರ್ ತನ್ನ ಬಂಡವಾಳ ಮಾಡ್ಕೊಂಡ.

ಬಂದೂಕು ಕೆಳಗಿಟ್ಟರು, ಹೊಟ್ಟೆಯೊಳಗಿನ ಕಿಚ್ಚು ಹಾಗೇ ಉಳಿಯಿತು. 20 ವರ್ಷಕ್ಕೆ ಮತ್ತೆ ಯುದ್ಧ. ಇದನ್ನ ನಾನು ಶಾಂತಿ ಅನ್ನಲ್ಲ, ಕದನವಿರಾಮ ಅಂತೀನಿ.

(3/5)
ಎರಡನೇ ಮಹಾಯುದ್ಧ ಮುಗಿದ ಮೇಲೆ ದಾರಿ ಬದಲಾಯ್ತು. ಮೊದಲು ನ್ಯೂರೆಂಬರ್ಗ್‌ನಲ್ಲಿ ನಾಜಿ ನಾಯಕರ ವಿಚಾರಣೆ ನಡೆದು ಶಿಕ್ಷೆ ಆಯ್ತು. ತಪ್ಪು ಮಾಡಿದವರಿಗೆ ಶಿಕ್ಷೆ, ಆದರೆ ಇಡೀ ಜನಾಂಗದ ಮೇಲೆ ಕೊನೆಯಿಲ್ಲದ ಸೇಡು ಬೇಡ. ಈ ವ್ಯತ್ಯಾಸ ತುಂಬಾ ಮುಖ್ಯ.

ಆಮೇಲೆ, 1950ರ ಮೇ 9ರಂದು ಫ್ರಾನ್ಸ್ ವಿದೇಶಾಂಗ ಸಚಿವ ರೋಬೆರ್ ಶೂಮನ್ ಒಂದು ಪ್ರಸ್ತಾಪ ಇಟ್ಟರು: ಎರಡೂ ದೇಶಗಳ ಕಲ್ಲಿದ್ದಲು, ಉಕ್ಕು ಒಂದೇ ಜಂಟಿ ಸಂಸ್ಥೆಯ ಕೈಕೆಳಗೆ ಇರಲಿ. ಯಾಕೆ ಇವೆರಡೇ? ತೋಪು, ಟ್ಯಾಂಕ್ ಮಾಡೋಕೆ ಬೇಕಾಗಿದ್ದೇ ಇವು. ಲೆಕ್ಕ ಇಬ್ಬರಿಗೂ ಗೊತ್ತಿದ್ರೆ, ಗುಟ್ಟಾಗಿ ಯುದ್ಧಕ್ಕೆ ತಯಾರಿ ಮಾಡೋದು ಕಷ್ಟ. 1951ರಲ್ಲಿ ಇಟಲಿ, ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್ ಕೂಡ ಸೇರಿ ಆರು ದೇಶ ಸಹಿ ಹಾಕಿದವು. ಇವತ್ತಿನ ಐರೋಪ್ಯ ಒಕ್ಕೂಟದ ಬೇರು ಇದೇ.

ಅಮೆರಿಕದ ದುಡ್ಡು, ಸೋವಿಯತ್ ಭಯ ಎರಡೂ ಇದರ ಹಿಂದೆ ಇದ್ದವು, ನಿಜ. ಆದರೆ ದುಡ್ಡು, ಭಯ ಜನರನ್ನ ಒಂದೇ ಮೇಜಿನ ಹತ್ತಿರ ತಂದು ಕೂರಿಸ್ತವೆ, ಅಷ್ಟೇ. ಎದ್ದು ಹೋಗದ ಹಾಗೆ ಹಿಡಿದಿಟ್ಟಿದ್ದು ಆ ಜಂಟಿ ವ್ಯವಸ್ಥೆ.

(4/5)
ಈಗ ನಮ್ಮ ವಯಸ್ಸಿನವರ ವಿಷಯಕ್ಕೆ ಬನ್ನಿ. 1963ರಲ್ಲಿ ಡಿ ಗಾಲ್ ಮತ್ತು ಅಡೆನೌರ್ ಮಾಡ್ಕೊಂಡ ಒಪ್ಪಂದದಿಂದ ಎರಡೂ ದೇಶಗಳ ಯುವಜನರಿಗಾಗಿಯೇ ಒಂದು ಕಚೇರಿ ಶುರುವಾಯ್ತು. ಅಲ್ಲಿಂದ ಇಲ್ಲೀತನಕ 90 ಲಕ್ಷಕ್ಕೂ ಹೆಚ್ಚು ಯುವಕ ಯುವತಿಯರು ಅದರ ಕಾರ್ಯಕ್ರಮಗಳಲ್ಲಿ ಭಾಗವಹಿಸಿದ್ದಾರೆ. ಯಾರನ್ನ ಶತ್ರು ಅಂತ ಅಜ್ಜ ಹೇಳಿದ್ರೋ, ಅವರ ಮೊಮ್ಮಗನ ಜೊತೆ ಕೂತು ಊಟ ಮಾಡಿದ್ದಾರೆ.

2003ರಲ್ಲಿ ಬರ್ಲಿನ್‌ನಲ್ಲಿ ಸೇರಿದ ಎರಡೂ ದೇಶಗಳ ವಿದ್ಯಾರ್ಥಿಗಳು ಒಂದು ಬೇಡಿಕೆ ಇಟ್ಟರು: ನಮ್ಮಿಬ್ಬರಿಗೂ ಒಂದೇ ಇತಿಹಾಸ ಪುಸ್ತಕ ಬೇಕು. 2006ರಲ್ಲಿ ಅದರ ಮೊದಲ ಸಂಪುಟ ಬಂದೇಬಿಡ್ತು, ಎರಡು ಭಾಷೆ, ಒಂದೇ ಪಾಠ. ಕೇಳಿದ್ದು ಸ್ಟೂಡೆಂಟ್ಸ್ ರೀ!

(5/5)
‘ಅದೆಲ್ಲ ಯುರೋಪಿಗೆ ಸರಿ, ನಮಗೆ ಆಗಲ್ಲ’ ಅಂತ ನೀವು ಹೇಳೋದು ಗೊತ್ತು. ನಮ್ಮ ಕಥೆ ಕಷ್ಟದ್ದೇ. 1960ರ ಸಿಂಧೂ ಜಲ ಒಪ್ಪಂದ 1965, 1971, 1999ರ ಯುದ್ಧಗಳನ್ನೂ ದಾಟಿ ಬಂತು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್‌ನಲ್ಲಿ ಭಯೋತ್ಪಾದಕರು 26 ಜನರನ್ನ ಕೊಂದ ಮೇಲೆ ಭಾರತ ಅದನ್ನ ತಡೆಹಿಡಿಯಿತು. ಗಮನಿಸಿ, ಆ ಒಪ್ಪಂದ ನದಿಗಳನ್ನ ಪಾಲು ಮಾಡಿತ್ತು: ಮೂರು ನಮಗೆ, ಮೂರು ಅವರಿಗೆ. ಪಾಲಾದ ಅಣ್ಣತಮ್ಮಂದಿರು ಜಗಳ ಆಡದೆ ಇರಬಹುದು, ಆದರೆ ಒಂದೇ ಮನೆ ಕಟ್ಟಲ್ಲ.

ಕೊಲೆಗಡುಕರನ್ನ ಅಪ್ಪಿಕೊಳ್ಳಿ ಅಂತ ನಾನು ಹೇಳ್ತಿಲ್ಲ. ಮೊದಲು ನ್ಯಾಯ, ಅದು ಆಗಲೇಬೇಕು. ಆದರೆ ನ್ಯಾಯದ ನಂತರ ಏನು ಅಂತ ಯೋಚಿಸದ ದೇಶಕ್ಕೆ ಉಳಿಯೋದು ಮುಂದಿನ ಯುದ್ಧ ಮಾತ್ರ. ಅದಕ್ಕೆ ಹೋಗೋರು ನಮ್ಮದೇ ಬ್ಯಾಚಿನವರು. ಯುದ್ಧದ ಮೀಮ್ ಫಾರ್ವರ್ಡ್ ಮಾಡೋ ಮುಂಚೆ ಸೈನ್ಯದಲ್ಲಿರೋ ನಿಮ್ಮೂರ ಒಬ್ಬರ ಮುಖ ನೆನಪು ಮಾಡ್ಕೊಳ್ಳಿ.

ಎರಡು ದೇಶ ಹಂಚಿಕೊಂಡೇ ನಡೆಸಬೇಕಾದ ಒಂದು ಕೆಲಸ ಆರಿಸಿ ಅಂದ್ರೆ ನೀವು ಯಾವುದನ್ನ ಆರಿಸ್ತೀರಿ? ನೀರಾ, ಕರೆಂಟಾ, ಪಠ್ಯಪುಸ್ತಕಾನಾ? ಕಾಮೆಂಟಲ್ಲಿ ಬರೀರಿ. ಒಪ್ಪದೇ ಇದ್ರೂ ಬರೀರಿ, ಮಾತಾಡೋಣ.

#ಶಾಂತಿ #ಇತಿಹಾಸ #ಕನ್ನಡದಲ್ಲಿ_ಓದಿ